ಗೆಳೆಯನ ಲೀಸ್ ಕಾರು, ಹತ್ತು ದಿನದ ಗಡುವು

ನಮ್ಮ ಗುಂಪಿನಲ್ಲಿ ಅವನಿಗೆ ಮೈಸೂರು ಅಂತಲೇ ಹೆಸರು. ಸರಸ್ವತಿಪುರಂನ ಹುಡುಗ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದು ಹದಿನಾಲ್ಕು ವರ್ಷವಾದರೂ ಮಾತಿಗೊಮ್ಮೆ "ನಮ್ ಮೈಸೂರಲ್ಲಿ" ಅನ್ನುವುದನ್ನು ಬಿಟ್ಟಿರಲಿಲ್ಲ. 2022ರ ಏಪ್ರಿಲ್‌ನ ಒಂದು ಶನಿವಾರ ನಮ್ಮ ಮನೆಗೆ ಬಂದವನು ಕಾಫಿ ಲೋಟ ಕೆಳಗಿಟ್ಟು, "ಜುಲೈಗೆ ಹೊರಟ್ವಿ ಕಣೋ, ಪೂರ್ತಿಯಾಗಿ" ಅಂದ. ಊರಲ್ಲಿ ಅಪ್ಪ ಒಬ್ಬರೇ ಇದ್ದರು. ಎರಡು ವರ್ಷದಿಂದ ಈ ಮಾತು ಬರುತ್ತೆ, ಹೋಗುತ್ತೆ ಅಂತ ಇದ್ದದ್ದು ಅವತ್ತು ಬಂದೇಬಿಟ್ಟಿತು. ನಾವು ಗಂಡ ಹೆಂಡತಿ ಏನು ಹೇಳಬೇಕು ಗೊತ್ತಾಗದೆ ಕೂತಿದ್ದೆವು. ಅವನೇ ಮಾತು ತಿರುಗಿಸಿದ. "ಕಾರು ನೀನು ತಗೋ."

ಅದು ಜರ್ಮನ್ ಸೆಡಾನ್. ಕಂಪನಿ ಹೆಸರು ಹೇಳುವುದಿಲ್ಲ, ಯಾಕೆಂದರೆ ಮುಂದೆ ಫೈನಾನ್ಸಿನವರ ಬಗ್ಗೆ ಸ್ವಲ್ಪ ಗೊಣಗುವುದಿದೆ. 2019ರ ಜೂನ್‌ನಲ್ಲಿ ಮೂರು ವರ್ಷಕ್ಕೆ ಲೀಸ್ ತಗೊಂಡಿದ್ದ. ಕಡು ನೀಲಿ ಬಣ್ಣ, ಒಳಗೆ ಕಂದು ಚರ್ಮದ ಸೀಟು. ನಾನಾದರೋ ಹನ್ನೊಂದು ವರ್ಷದ ಹಳೇ ಮಿನಿವ್ಯಾನ್ ಓಡಿಸಿಕೊಂಡಿದ್ದವನು. ಸೀಟಿನ ಸಂದಿಯಲ್ಲಿ ಕೈ ಹಾಕಿದರೆ ಮಕ್ಕಳು ಚೆಲ್ಲಿದ ಮಂಡಕ್ಕಿ ಇವತ್ತಿಗೂ ಸಿಗುತ್ತದೆ.

ಇಲ್ಲಿನ ಕಾರು ಲೀಸ್ ಅಂದರೆ ಬೆಂಗಳೂರಲ್ಲಿ ಮನೆ ಲೀಸಿಗೆ ಹಾಕಿಕೊಳ್ಳುವ ಹಾಗಲ್ಲ. ಅಲ್ಲಿ ಮನೆ ಬಿಡುವಾಗ ಕೊಟ್ಟ ದುಡ್ಡು ವಾಪಸ್ ಬರುತ್ತದೆ. ಇಲ್ಲಿ ತಿಂಗಳು ತಿಂಗಳು ಕಟ್ಟಿದ್ದು ಹೋದದ್ದೇ. ಕಾರು ಮೂರು ವರ್ಷದಲ್ಲಿ ಎಷ್ಟು ಬೆಲೆ ಕಳೆದುಕೊಳ್ಳುತ್ತದೋ ಅಷ್ಟಕ್ಕೆ ಬಡ್ಡಿ ಸೇರಿಸಿ 36 ಕಂತು ಮಾಡುತ್ತಾರೆ. ಹೀಗೆ ಮಾಡಬೇಕಾದರೆ ಮೂರು ವರ್ಷದ ನಂತರ ಕಾರಿನ ಬೆಲೆ ಎಷ್ಟಿರುತ್ತದೆ ಅಂತ ಮೊದಲ ದಿನವೇ ಅಂದಾಜು ಮಾಡಬೇಕಲ್ವಾ, ಆ ಅಂದಾಜಿಗೆ ರೆಸಿಡ್ಯುಯಲ್ ಅನ್ನುತ್ತಾರೆ. ಲೀಸ್ ಮುಗಿದ ದಿನ ಕಾರು ವಾಪಸ್ ಕೊಟ್ಟು ಕೈತೊಳೆದುಕೊಳ್ಳಬಹುದು, ಇಲ್ಲವೇ ಕಾಗದದಲ್ಲಿ ಬರೆದಿರುವ ಆ ಬೆಲೆಗೆ ಕೊಂಡುಕೊಳ್ಳಬಹುದು. ಮೈಸೂರಿನ ಕಾಗದದಲ್ಲಿ 27,150 ಡಾಲರ್ ಅಂತಿತ್ತು. ಜೊತೆಗೆ ಕೊಳ್ಳುವ ಶುಲ್ಕ 350. ಒಟ್ಟು 27,500.

ಈ ಅಂಕಿ ಬರೆದದ್ದು 2019ರಲ್ಲಿ. ಆಮೇಲೆ ಕೋವಿಡ್ ಬರುತ್ತದೆ, ಕಾರಿನೊಳಗಿನ ಕಂಪ್ಯೂಟರ್ ಚಿಪ್‌ಗಳಿಗೆ ಬರ ಬರುತ್ತದೆ, ಹೊಸ ಕಾರೇ ಸಿಗದೆ ಜನ ಹಳೇ ಕಾರಿಗೆ ಮುಗಿಬೀಳುತ್ತಾರೆ ಅಂತ ಯಾವ ಫೈನಾನ್ಸ್ ಕಂಪನಿಗೂ ಗೊತ್ತಿರಲಿಲ್ಲ. 2022ರ ಜನವರಿಯ ಸರ್ಕಾರಿ ಲೆಕ್ಕದಲ್ಲಿ ಅಮೆರಿಕದಲ್ಲಿ ಹಳೇ ಕಾರುಗಳ ಬೆಲೆ ಹಿಂದಿನ ವರ್ಷಕ್ಕಿಂತ ಶೇ. 40.5 ಏರಿತ್ತು. ಮೈಸೂರಿನ ಕಾರಿನಂಥದ್ದೇ ಕಾರುಗಳು ನಮ್ಮ ಸುತ್ತಮುತ್ತ 35, 36 ಸಾವಿರಕ್ಕೆ ಹೋಗುತ್ತಿದ್ದವು. ಸಾಲದ್ದಕ್ಕೆ ಅವನು ಎರಡು ವರ್ಷ ಮನೆಯಿಂದಲೇ ಕೆಲಸ ಮಾಡಿದವನು. ಲೀಸಿನಲ್ಲಿ 30,000 ಮೈಲಿ ಓಡಿಸಬಹುದಿತ್ತು, ಓಡಿದ್ದು 18,000ಕ್ಕಿಂತ ಕಡಿಮೆ. ಕಂಪನಿಯ ಪಾರ್ಕಿಂಗ್ ಕಾಣಬೇಕಾಗಿದ್ದ ಕಾರು ಬರೀ ದೇವಸ್ಥಾನ, ಇಂಡಿಯನ್ ಅಂಗಡಿ ಕಂಡಿತ್ತು.

ಅಂದರೆ ಕಾಗದದ ಬೆಲೆಗೂ ಮಾರ್ಕೆಟ್ ಬೆಲೆಗೂ ನಡುವೆ ಎಂಟು ಸಾವಿರ ಡಾಲರ್ ಸುಮ್ನೆ ಕೂತಿತ್ತು. ಅದು ಯಾರದು? ಮೈಸೂರಿನದೇ ಅಂತ ನನ್ನ ವಾದ. ಅದೇ ಬ್ರ್ಯಾಂಡಿನ ಡೀಲರ್ ಹತ್ತಿರ ಹೋದರೆ ಅಷ್ಟೂ ಕೊಡದಿದ್ದರೂ ನಾಲ್ಕು ಸಾವಿರ ಕೈಗಿಟ್ಟು ಕಾರು ಇಟ್ಟುಕೊಳ್ಳಲು ತಯಾರಿದ್ದರು, ಅವನು ಕೇಳಿಯೂ ಬಂದಿದ್ದ. "ಆ ನಾಲ್ಕು ನನ್ನಿಂದ ತಗೋ ಮಾರಾಯ, ಇಲ್ಲದಿದ್ರೆ ನಂಗೆ ಕಾರು ಬೇಡ" ಅಂದೆ. ಅವನು ಚಕ್ಕುಲಿ ಮುರಿಯುತ್ತಾ, "ನಿನ್ ಹತ್ರ ವ್ಯಾಪಾರ ಮಾಡಕ್ಕೆ ಬಂದಿದೀನಾ ನಾನು?" ಅಂತ ಒಂದೇ ಮಾತಲ್ಲಿ ಮುಗಿಸಿದ. ಒಂದು ವಾರ ಇದೇ ಜಗಳ. ಎರಡು ಸಾವಿರಕ್ಕೆ ಇಳಿದೆ, ಒಂದಕ್ಕೆ ಇಳಿದೆ. ಚೌಕಾಸಿಯಲ್ಲಿ ಕೊಳ್ಳುವವನು ಮೇಲಕ್ಕೆ, ಮಾರುವವನು ಕೆಳಕ್ಕೆ ಎಳೆಯುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊನೆಗೆ ಅವನ ಹೆಂಡತಿ ನನ್ನ ಹೆಂಡತಿಗೆ ಫೋನ್ ಮಾಡಿ, "ಇವರಿಬ್ಬರದೂ ಸಾಕಾಯ್ತು ಕಣ್ರೀ, ಹೋಗೋ ದಿನ ಅದೇ ಕಾರಲ್ಲಿ ನಮ್ಮನ್ನ ಏರ್‌ಪೋರ್ಟಿಗೆ ಬಿಟ್ಟುಬಿಡಿ, ಅಷ್ಟೇ ಸಾಕು" ಅಂದರು. ಅಲ್ಲಿಗೆ ಕರಾರು ಮುಗಿಯಿತು.

ಸ್ನೇಹಿತನ ಕಾರಾದರೂ ಮೆಕ್ಯಾನಿಕ್ ಹತ್ತಿರ ತೋರಿಸಬೇಕೋ ಬೇಡವೋ ಅಂತ ನನಗೆ ಸಂಕೋಚವಿತ್ತು. ಮೈಸೂರೇ ಎಳೆದುಕೊಂಡು ಹೋದ. ಹೇವರ್ಡ್‌ನಲ್ಲಿ ಜರ್ಮನ್ ಕಾರುಗಳನ್ನೇ ನೋಡುವ ಒಂದು ಸಣ್ಣ ಗ್ಯಾರೇಜು, 220 ಡಾಲರ್. ಕಾರನ್ನು ಮೇಲೆತ್ತಿ ಟಾರ್ಚ್ ಹಿಡಿದು ನಮ್ಮಿಬ್ಬರನ್ನೂ ಕೆಳಗೆ ಕರೆದರು. ಎಂಜಿನ್ ಒಣಗಿತ್ತು, ಎಣ್ಣೆ ಜಿನುಗಿರಲಿಲ್ಲ. ಹಿಂದಿನ ಎರಡು ಟೈರು ಸವೆದಿದ್ದವು. ಇವು ರನ್‌ಫ್ಲಾಟ್ ಟೈರು, ಪಂಕ್ಚರ್ ಆದರೂ ಸ್ವಲ್ಪ ದೂರ ಓಡುತ್ತವೆ ಅಂತ ಕಾರಿನಲ್ಲಿ ಸ್ಟೆಪ್ನಿಯೇ ಇಟ್ಟಿರುವುದಿಲ್ಲ. ಬೆಲೆಯೂ ಜಾಸ್ತಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಬೇಕಿತ್ತು, ಅದರ ಸಮಯ ದಾಟಿತ್ತು. ಮುಂದಿನ ಬಲಗಡೆ ರಿಮ್ ಮಾತ್ರ ಕಲ್ಲಿಗೆ ಉಜ್ಜಿ ಬೆಳ್ಳಗಾಗಿತ್ತು. ಯಾರ ಕೆಲಸ ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಕಾರು ವಾಪಸ್ ಕೊಟ್ಟಿದ್ದರೆ ಸವೆದ ಟೈರಿಗೂ ಆ ರಿಮ್ಮಿಗೂ ಅವನ ಮೇಲೆ ಬಿಲ್ ಬೀಳುವ ಸಾಧ್ಯತೆ ಇತ್ತು. ಕೊಂಡರೆ ಆ ತಂಟೆ ಇಲ್ಲ. ನಾಲ್ಕು ವರ್ಷ ಅಥವಾ 50,000 ಮೈಲಿಯ ವಾರಂಟಿಯಲ್ಲಿ ಇನ್ನೂ ಒಂದು ವರ್ಷ ಉಳಿದಿತ್ತು, ಅದು ಕಾರಿನ ಜೊತೆಗೇ ಬರುತ್ತದೆ. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ, ತಗೊಳ್ಳಿ, ಆದರೆ ವಾರಂಟಿ ಮುಗಿದ ಮೇಲೆ ವರ್ಷಕ್ಕಿಷ್ಟು ಅಂತ ದುಡ್ಡು ತೆಗೆದಿಡಿ ಅಂದ. ನನಗೆ ಸಿಕ್ಕ ಸಲಹೆಗಳಲ್ಲೆಲ್ಲ ಇದೊಂದೇ ಪೂರ್ತಿ ನಿಜವಾದದ್ದು.

ಇಲ್ಲಿಯವರೆಗೆ ಎಲ್ಲ ಸಲೀಸು. ಮೇ ತಿಂಗಳಲ್ಲಿ ಮೈಸೂರು ಫೈನಾನ್ಸ್ ಕಂಪನಿಗೆ ಫೋನ್ ಮಾಡಿದ. ಸ್ಪೀಕರ್‌ನಲ್ಲಿ ನಾನೂ ಕೇಳುತ್ತಿದ್ದೆ. ಲೀಸ್ ಮುಗಿಯುತ್ತಿದೆ, ಕಾರನ್ನು ನನ್ನ ಸ್ನೇಹಿತ ಕೊಳ್ಳುತ್ತಾನೆ, ಏನು ಮಾಡಬೇಕು ಅಂದ. ಆಗುವುದಿಲ್ಲ ಅಂದರು. ಯಾಕೆ ಅಂದರೆ, ನಾವು ಥರ್ಡ್ ಪಾರ್ಟಿಗೆ ಮಾರುವುದಿಲ್ಲ. ಹಳೇ ಕಾರಿನ ಬೆಲೆ ಏರಿದ ಮೇಲೆ, 2021ರಿಂದೀಚೆಗೆ, ಹಲವು ಫೈನಾನ್ಸ್ ಕಂಪನಿಗಳು ಈ ಬಾಗಿಲು ಹಾಕಿಕೊಂಡಿದ್ದವು. ಅವರ ಕಡೆಯಿಂದ ನೋಡಿದರೆ ಅರ್ಥವಾಗುತ್ತದೆ. ಆ ಎಂಟು ಸಾವಿರ ಹೊರಗಿನವರ ಪಾಲಾಗುವುದಕ್ಕಿಂತ ತಮ್ಮ ಡೀಲರುಗಳಿಗೇ ಹೋಗಲಿ ಅಂತ. ಲೀಸ್ ತಗೊಂಡವನು ಸ್ವತಃ ಕೊಳ್ಳಬಹುದು, ಅವನ ಅಕೌಂಟಿನಿಂದಲೇ ದುಡ್ಡು ಬರಬೇಕು. ಆಮೇಲೆ ಯಾರಿಗಾದರೂ ಮಾರಿಕೊಳ್ಳಲಿ.

ಸರಿ, ನೀನು ಕೊಂಡು ನನಗೆ ಕೊಡು ಅಂದೆ. ಆಗ ಎದ್ದದ್ದು ಟ್ಯಾಕ್ಸಿನ ಪ್ರಶ್ನೆ. ಫ್ರೀಮಾಂಟ್‌ನಲ್ಲಿ ಆಗ ಸೇಲ್ಸ್ ಟ್ಯಾಕ್ಸ್ ಶೇ. 10.25 ಇತ್ತು. 27,500ಕ್ಕೆ 2,818 ಡಾಲರ್ 75 ಸೆಂಟ್. ಅವನು ಕೊಳ್ಳುವಾಗ ಒಮ್ಮೆ, ನಾನು ಕೊಳ್ಳುವಾಗ ಇನ್ನೊಮ್ಮೆ, ಒಂದೇ ಕಾರಿಗೆ ಎರಡು ಸಲ. ಅಕ್ಕರೆಯಿಂದ ಸಲಹೆ ಕೊಡುವವರಿಗೆ ಇಲ್ಲೇನೂ ಬರವಿಲ್ಲ. ಗಿಫ್ಟ್ ಅಂತ ಬರೆಸಿ ಅಂದವರು ಒಬ್ಬರು, ಐದು ಸಾವಿರಕ್ಕೆ ಮಾರಿದೆ ಅಂತ ಬರೆಸಿ ಅಂದವರು ಇನ್ನೊಬ್ಬರು. ಎರಡೂ ಸುಳ್ಳು ಹೇಳಿಕೆ, ಕೆಳಗೆ ಸಹಿ ಹಾಕುವುದು ನಾವು. ಅಣ್ಣ ತಮ್ಮ ಅಂತ ಬರೆಸಿದರೆ ಟ್ಯಾಕ್ಸ್ ಇಲ್ಲವಂತೆ ಅಂದರು ಮತ್ತೊಬ್ಬರು. ನೋಡಿದರೆ ಕ್ಯಾಲಿಫೋರ್ನಿಯಾದಲ್ಲಿ ಒಡಹುಟ್ಟಿದವರಿಗೂ ಆ ವಿನಾಯಿತಿ ಇರುವುದು ಇಬ್ಬರೂ 18 ವರ್ಷದ ಒಳಗಿದ್ದರೆ ಮಾತ್ರ. ನಮಗಿಬ್ಬರಿಗೂ ನಲವತ್ತು ದಾಟಿತ್ತು.

ಒಂದು ರಾತ್ರಿ ಸರ್ಕಾರದ ಟ್ಯಾಕ್ಸ್ ಇಲಾಖೆಯ ಪುಟಗಳನ್ನು ಓದುತ್ತಾ ಕೂತಿದ್ದಾಗ ದಾರಿ ಸಿಕ್ಕಿತು. ಲೀಸ್ ಮುಗಿದಾಗ ಲೀಸ್ ತಗೊಂಡವನು ಕಾರು ಕೊಂಡು, ಟೈಟಲ್, ಅಂದರೆ ಕಾರಿನ ಮಾಲೀಕತ್ವದ ಕಾಗದ, ಅವನದಾದ 10 ದಿನದೊಳಗೆ ಟೈಟಲನ್ನೂ ರಿಜಿಸ್ಟ್ರೇಷನ್ನನ್ನೂ ಇನ್ನೊಬ್ಬರಿಗೆ ವರ್ಗ ಮಾಡಿದರೆ, ಅವನು ಕೊಂಡದ್ದು ಮರುಮಾರಾಟಕ್ಕೆ ಅಂತ ಲೆಕ್ಕ. ಅವನಿಗೆ ಟ್ಯಾಕ್ಸ್ ಇಲ್ಲ. ಕೊನೆಗೆ ಕೊಂಡವನು ಒಂದು ಸಲ ಕಟ್ಟಿದರೆ ಸಾಕು. ಹೆಂಡತಿಯನ್ನು ಎಬ್ಬಿಸಿ ಹೇಳಿದೆ. "ಬೆಳಿಗ್ಗೆ ಹೇಳಿ" ಅಂದು ಮಗ್ಗುಲು ಬದಲಿಸಿದಳು.

ಫೈನಾನ್ಸ್ ಕಂಪನಿಗೆ ಇದನ್ನು ಅರ್ಥ ಮಾಡಿಸಲು ಮೂರು ಫೋನು ಬೇಕಾದವು. ಮೊದಲ ಎರಡು ಸಲ, ಟ್ಯಾಕ್ಸ್ ಸೇರಿಸಿಯೇ ಕಟ್ಟಬೇಕು ಅಂದರು. ಮೂರನೇ ಸಲ ಸಿಕ್ಕ ಮೇಲ್ವಿಚಾರಕಿ ಒಂದು ನಿಮಿಷ ಹೋಲ್ಡ್ ಮಾಡಿಸಿ, ಟ್ಯಾಕ್ಸ್ ಬಿಟ್ಟು ಕಟ್ಟಿ, ಟೈಟಲ್ ನಿಮ್ಮ ವಿಳಾಸಕ್ಕೆ ಕಳಿಸುತ್ತೇವೆ, ಉಳಿದದ್ದು ಡಿಎಂವಿಯಲ್ಲಿ ನೋಡಿಕೊಳ್ಳಿ ಅಂದರು. ಡಿಎಂವಿ ಅಂದರೆ ನಮ್ಮ ಆರ್‌ಟಿಒ ಇದ್ದ ಹಾಗೆ, ಏಜೆಂಟರು ಮಾತ್ರ ಬಾಗಿಲಲ್ಲಿ ನಿಂತಿರುವುದಿಲ್ಲ.

ಈಗ ದುಡ್ಡು. ಟೈಟಲ್ ನನ್ನ ಹೆಸರಿಗೆ ಬರುವ ದಾರಿ ಕಾಣದೆ ನನ್ನ ಬ್ಯಾಂಕ್ ಸಾಲ ಕೊಡುವುದಿಲ್ಲ ಅಂದಿತು. ಹಾಗಾಗಿ ಮನೆ ರಿಪೇರಿಗೆ ಅಂತ ಕೂಡಿಟ್ಟಿದ್ದನ್ನೇ ತೆಗೆದೆ. 27,500 ಡಾಲರ್ ಅವನ ಅಕೌಂಟಿಗೆ ಹಾಕಬೇಕು, ಅವನು ಕಂಪನಿಗೆ ಕಟ್ಟಬೇಕು, ಟೈಟಲ್ ಅವನ ಮನೆಗೆ ಬರಬೇಕು. ಅಲ್ಲಿಯವರೆಗೆ ನನ್ನ ಕೈಯಲ್ಲಿ ಏನೂ ಇಲ್ಲ. ಹೆಂಡತಿ ತರಕಾರಿ ಹೆಚ್ಚುತ್ತಾ, "ಅಲ್ರೀ, ಅವರ ಮೇಲೆ ಅನುಮಾನ ಅಂತಲ್ಲ. ನಾಳೆ ಅವರಿಗೇ ಏನಾದ್ರೂ ಆದ್ರೆ?" ಅಂದಳು. ಅದೂ ಸರಿಯೇ. ಆದರೆ ಕೇಳುವುದು ಹೇಗೆ? ನಾನು ಒದ್ದಾಡುತ್ತಿದ್ದಾಗ ಮೈಸೂರೇ ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಕನ್ನಡದಲ್ಲೇ, ಇಂತಿಷ್ಟು ಹಣ ಇಂಥ ಕಾರಿಗಾಗಿ ಪಡೆದಿದ್ದೇನೆ, ಟೈಟಲ್ ಬಂದ ಕೂಡಲೇ ಬರೆದುಕೊಡುತ್ತೇನೆ ಅಂತ ಬರೆದು, ದಿನಾಂಕ ಹಾಕಿ, ಗಂಡ ಹೆಂಡತಿ ಇಬ್ಬರೂ ಸಹಿ ಮಾಡಿ ತಂದುಕೊಟ್ಟ. ಅಕ್ಷರ ಮಾತ್ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ ಹಾಗೆ ದುಂಡಗೆ. ಫ್ರೀಮಾಂಟ್‌ನ ಯಾವ ಜಡ್ಜಿಗೆ ಅದು ಓದಲು ಬರುತ್ತಿತ್ತೋ! ಹೆಂಡತಿ ಪಾಸ್‌ಪೋರ್ಟ್ ಫೈಲಿನಲ್ಲಿಟ್ಟಳು. ಜೂನ್ 8ಕ್ಕೆ ದುಡ್ಡು ಹೋಯಿತು.

ಆಮೇಲೆ ಕಾಯುವುದು. ಅವನ ಮನೆಯಲ್ಲಿ ದಿನಕ್ಕೊಂದು ಕೋಣೆ ಖಾಲಿಯಾಗುತ್ತಿತ್ತು. ಸೋಫಾ ಹೋಯಿತು, ಊಟದ ಮೇಜು ಹೋಯಿತು, ನಾವು ನೆಲದ ಮೇಲೆ ಕೂತು ಪುಳಿಯೋಗರೆ ತಿಂದೆವು. ಜೂನ್ 14ಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಪೆಟ್ರೋಲ್ ಬೆಲೆ ಗ್ಯಾಲನ್‌ಗೆ ಸರಾಸರಿ 6.44 ಡಾಲರ್ ಮುಟ್ಟಿ ದಾಖಲೆಯಾಯಿತು, ಅದೂ ಸಾದಾ ಪೆಟ್ರೋಲು. ಈ ಕಾರಿಗೆ ಪ್ರೀಮಿಯಂ ಬೇಕು. ಹೆಂಡತಿ ಏನೂ ಹೇಳಲಿಲ್ಲ, ಸುದ್ದಿಯ ಲಿಂಕ್ ಮಾತ್ರ ಕಳಿಸಿದಳು.

17ನೇ ತಾರೀಕು ಶುಕ್ರವಾರವೂ ಟೈಟಲ್ ಬರಲಿಲ್ಲ. ಸೋಮವಾರ ಜೂನ್‌ಟೀನ್ತ್ ರಜೆ, ಅಂಚೆ ಇಲ್ಲ. ಮಂಗಳವಾರ ಮಧ್ಯಾಹ್ನ ಲಕೋಟೆ ಬಂತು ಅಂತ ಫೋಟೋ ಕಳಿಸಿದ. ಖುಷಿಯಲ್ಲಿ ಫೋಟೋ ದೊಡ್ಡದು ಮಾಡಿ ನೋಡಿದರೆ ಒಳಗಿನ ಪತ್ರದ ಮೇಲೆ ಜೂನ್ 13 ಅಂತಿದೆ. ಹತ್ತು ದಿನ ಎಣಿಸುವುದು ಎಲ್ಲಿಂದ? ಕಂಪನಿ ಸಹಿ ಹಾಕಿದ ದಿನದಿಂದಲೋ, ಕಾಗದ ಕೈಗೆ ಬಂದ ದಿನದಿಂದಲೋ? ವಾದ ಮಾಡುವುದಕ್ಕಿಂತ ಕೆಟ್ಟ ಲೆಕ್ಕವನ್ನೇ ಹಿಡಿಯೋಣ ಅಂದ ಮೈಸೂರು. ಕೆಟ್ಟ ಲೆಕ್ಕದಲ್ಲಿ 23ಕ್ಕೆ ಗಡುವು. ಮರುದಿನವೇ 22.

ಬುಧವಾರ ಬೆಳಿಗ್ಗೆ 7.40ಕ್ಕೇ ಹೋಗಿ ಡಿಎಂವಿ ಬಾಗಿಲಲ್ಲಿ ನಿಂತೆವು. ಬೇರೆ ದಿನ 8ಕ್ಕೆ ತೆರೆಯುತ್ತಾರೆ, ಬುಧವಾರ ಮಾತ್ರ 9ಕ್ಕೆ. ಇದು ನಮ್ಮಿಬ್ಬರ ತಲೆಗೂ ಹೋಗಿರಲಿಲ್ಲ. ಫ್ಲಾಸ್ಕಿನಲ್ಲಿ ಕಾಫಿ ಇದ್ದದ್ದರಿಂದ ಬಚಾವ್.

ಕ್ಯಾಲಿಫೋರ್ನಿಯಾದ ಟೈಟಲ್‌ಗೆ ಇಲ್ಲಿನ ಜನ ಇವತ್ತಿಗೂ ಪಿಂಕ್ ಸ್ಲಿಪ್ ಅನ್ನುತ್ತಾರೆ. ಗುಲಾಬಿ ಬಣ್ಣ ಹೋಗಿ ಎಷ್ಟೋ ಕಾಲವಾಯಿತು. ಲೀಸ್ ಕಾರಿನದಾದರೆ ಅದರ ಮೇಲೆ ಎರಡು ಹೆಸರಿರುತ್ತದೆ, ಕಂಪನಿಯ ಮುಂದೆ ಎಲ್‌ಎಸ್‌ಆರ್, ಲೀಸ್ ತಗೊಂಡವನ ಮುಂದೆ ಎಲ್‌ಎಸ್‌ಇ. ಕಂಪನಿಯ ಸಹಿ ಆಗಿತ್ತು. ಮೈಸೂರು ಸಹಿ ಹಾಕಿ, ಕಾರು ಎಷ್ಟು ಓಡಿದೆ ಅಂತ ಬರೆಯುವ ಚೌಕಗಳಲ್ಲಿ ಹಿಂದಿನ ರಾತ್ರಿಯೇ ಅಂಕಿ ತುಂಬಿಸಿದ್ದ. 17,846 ಅಂತ ಇರಬೇಕಾದಲ್ಲಿ 17,864 ಬರೆದು, ತಪ್ಪು ಗೊತ್ತಾಗಿ, 64ರ ಮೇಲೆ ಒಂದು ಗೀಟು ಎಳೆದು ಪಕ್ಕದಲ್ಲಿ ಅಚ್ಚುಕಟ್ಟಾಗಿ 46 ಅಂತ ಬರೆದಿದ್ದ.

ಕೌಂಟರಿನ ಹೆಂಗಸು ಕನ್ನಡಕ ಮೂಗಿನ ತುದಿಗೆ ಇಳಿಸಿ ಆ ಗೀಟನ್ನು ನೋಡಿದರು. ಟೈಟಲ್ ಮೇಲೆ ಹೊಡೆದು ಬರೆಯುವ ಹಾಗಿಲ್ಲ, ಮೀಟರಿನ ಅಂಕಿಯನ್ನಂತೂ ಇಲ್ಲವೇ ಇಲ್ಲ. ಮೈಸೂರಿನ ಮುಖ ಬಿಳಚಿಕೊಂಡಿತು. ಹೊಸ ಟೈಟಲ್ ಬೇಕು ಅಂದರೆ ವಾರಗಳ ಮಾತು, ಅವನ ವಿಮಾನ ಜುಲೈ 6ಕ್ಕೆ. ಆಕೆ ಏನೂ ಹೇಳದೆ ಒಳಗೆ ಹೋದರು. ಆ ಮೂರು ನಿಮಿಷ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ವಾಪಸ್ ಬಂದಾಗ ಕೈಯಲ್ಲಿ ಎರಡು ಫಾರ್ಮ್ ಇದ್ದವು. ಒಂದು 262 ನಂಬರಿನದು. ಇದನ್ನು ಮನೆಯಲ್ಲಿ ಪ್ರಿಂಟ್ ತೆಗೆಯಲು ಬರುವುದಿಲ್ಲ, ವಿಶೇಷ ಕಾಗದದ್ದು, ಡಿಎಂವಿಯವರೇ ಕೊಡಬೇಕು. ಅದರಲ್ಲಿ ಮೈಲಿ ಅಂಕಿಯನ್ನು ಹೊಸದಾಗಿ ಬರೆದು ಮಾರುವವನು, ಕೊಳ್ಳುವವನು ಇಬ್ಬರೂ ಸಹಿ ಹಾಕಬೇಕು. ಇನ್ನೊಂದು 256, ಅದರಲ್ಲಿ ಗೀಟು ಯಾಕೆ ಎಳೆದೆ ಅಂತ ವಿವರಣೆ. ಹತ್ತು ದಿನದೊಳಗೆ ಮಾರಿದ್ದೇನೆ ಅನ್ನುವುದನ್ನೂ ಅದರಲ್ಲೇ ಬರೆಯಲು ಹೇಳಿದರು. ಇಬ್ಬರೂ ಒಟ್ಟಿಗೆ ಹೋಗಿದ್ದಕ್ಕೆ ಬಚಾವಾದೆವು. ಅವನು ಬರೀ ಕಾಗದ ಕೊಟ್ಟು ಕಳಿಸಿದ್ದರೆ ನಾನು ಸುಮ್ನೆ ವಾಪಸ್ ಬರಬೇಕಿತ್ತು. ಈ ಸಲ ಅವನು ಒಂದೊಂದು ಅಂಕಿಯನ್ನೂ ಬಾಯಲ್ಲಿ ಹೇಳಿಕೊಂಡು ಬರೆದ. ಒಂದು. ಏಳು. ಎಂಟು. ನಾಲ್ಕು. ಆರು. ಪಕ್ಕದ ಕೌಂಟರಿನವರು ತಿರುಗಿ ನೋಡಿದರು.

ಹೊಗೆ ಪರೀಕ್ಷೆಯ ಪ್ರಶ್ನೆ ಬಂದಾಗ ಮತ್ತೆ ಎದೆ ಢವಢವ. ಆದರೆ ನಾಲ್ಕು ಮಾಡೆಲ್ ವರ್ಷದೊಳಗಿನ ಕಾರಿಗೆ ಮಾರುವಾಗ ಆ ಪರೀಕ್ಷೆ ಬೇಕಿಲ್ಲ. 2019ರ ಕಾರಿಗೆ 2022 ಕೊನೆಯ ವರ್ಷ. 8 ಡಾಲರ್ ಶುಲ್ಕ ಕಟ್ಟಿದರೆ ಆಯಿತು. ವರ್ಗಾವಣೆಗೆ 15. ಟ್ಯಾಕ್ಸ್ ಒಂದೇ ಸಲ, 2,818.75. ಒಟ್ಟು 2,841.75ಕ್ಕೆ ಚೆಕ್ ಬರೆದುಕೊಟ್ಟೆ. ಮೈಸೂರು ಅಲ್ಲೇ ನಿಂತು ಫೋನಿನಲ್ಲಿ, ಕಾರು ಮಾರಿದ್ದೇನೆ, ಇನ್ನು ಅದರ ಹೊಣೆ ನನ್ನದಲ್ಲ ಅಂತ ಡಿಎಂವಿಗೆ ತಿಳಿಸುವ ಅರ್ಜಿಯನ್ನೂ ತುಂಬಿಸಿದ. ಐದು ದಿನದೊಳಗೆ ಮಾಡಬೇಕಾದ ಕೆಲಸ ಅದು.

ಹೊರಗೆ ಬಂದು ಕಾರಿನಲ್ಲಿ ಕೂತು ಅವನ ಫೋನಿನ ನಂಟು ಬಿಡಿಸಿದೆವು. ಇಲ್ಲದಿದ್ದರೆ ಮೈಸೂರಲ್ಲಿ ಕೂತುಕೊಂಡೇ ನನ್ನ ಕಾರಿನ ಬಾಗಿಲು ತೆಗೆಯಬಹುದಿತ್ತು. ಗ್ಯಾರೇಜ್ ಬಾಗಿಲು ತೆರೆಯುವ ಗುಂಡಿಯನ್ನೂ ಅಳಿಸಿದೆವು. ಎಲ್ಲ ಅಳಿಸುವ ಮುಂಚೆ ಪರದೆಯ ಮೇಲೆ ಅವನು ಕೊನೆಯ ಸಲ ಮಾಡಿದ ಫೋನುಗಳ ಪಟ್ಟಿ ಬಂತು. ಅಪ್ಪ, ಅಪ್ಪ, ಪ್ಯಾಕರ್ಸ್, ಅಪ್ಪ.

ಜುಲೈ 6ರಂದು ಕರಾರಿನ ಪ್ರಕಾರ ಕಾರನ್ನು ತೊಳೆಸಿ, ಅವರ ಮನೆ ಮುಂದೆ ನಿಲ್ಲಿಸಿದೆ. ಒಳಗಿಂದ ಆರು ದೊಡ್ಡ ಸೂಟ್‌ಕೇಸು, ಮೂರು ಬ್ಯಾಗು ಹೊರಬಂದವು. ಡಿಕ್ಕಿಯಲ್ಲಿ ಎರಡು ಸೂಟ್‌ಕೇಸು ಹಿಡಿದವು, ಮೂರನೆಯದಕ್ಕೆ ಬಾಗಿಲು ಮುಚ್ಚಲಿಲ್ಲ. ವಾಪಸ್ ಮನೆಗೆ ಓಡಿ ಮಿನಿವ್ಯಾನ್ ತಂದೆ. ಮಂಡಕ್ಕಿ ಸಮೇತ ಅದೇ ಎಲ್ಲರನ್ನೂ ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಿಗೆ ಮುಟ್ಟಿಸಿತು.

ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ವಾಟ್ಸಾಪಿನಲ್ಲಿ ಅವನಿಂದ ಒಂದು ಚಿತ್ರ ಬಂತು. ಬ್ರಿಡ್ಜ್ ಟೋಲಿನ ಲೆಕ್ಕ. ಕಾರು ನನ್ನ ಹೆಸರಿಗೆ ಬಂದರೂ ಟೋಲಿನ ಅಕೌಂಟಿನಲ್ಲಿ ಅದರ ನಂಬರ್ ಇನ್ನೂ ಅವನ ಹೆಸರಲ್ಲೇ ಇತ್ತು. ಡಿಎಂವಿಗೆ ತಿಳಿಸಿದರೆ ಟೋಲಿನವರಿಗೆ ತಾನಾಗಿ ಗೊತ್ತಾಗುವುದಿಲ್ಲ. ನನ್ನ ಟೋಲ್ ಟ್ಯಾಗ್ ವ್ಯಾನಿನಲ್ಲೇ ಉಳಿದಿತ್ತು, ಕ್ಯಾಮೆರಾ ನಂಬರ್ ಪ್ಲೇಟ್ ನೋಡಿ ಅವನಿಂದ ದುಡ್ಡು ಕಿತ್ತಿತ್ತು. "ನಾನು ಕುಕ್ಕರಹಳ್ಳಿ ಕೆರೆ ಸುತ್ತ ನಡೀತಿದೀನಿ, ನನ್ ಕಾರು ಡಂಬಾರ್ಟನ್ ಬ್ರಿಡ್ಜ್ ದಾಟ್ತಿದೆ" ಅಂತ ಕೆಳಗೆ ಬರೆದಿದ್ದ. ಮೂರು ಸಲ, ತಲಾ 7 ಡಾಲರ್.

ತಪ್ಪಾಯ್ತು ಮಾರಾಯ, ಈಗಲೇ ಸರಿ ಮಾಡ್ತೀನಿ ಅಂದೆ. ನಾಲ್ಕು ಸಾವಿರ ಬೇಡ ಅಂದವನು ಒಂದೇ ನಿಮಿಷದಲ್ಲಿ ಉತ್ತರ ಕಳಿಸಿದ.

"ಸರಿ ಮಾಡು. ಮೊದಲು ನನ್ನ 21 ಡಾಲರ್ ಕಳಿಸು."